ಹನ್ನೆರಡು ದಿನದ ಮಿಷನ್ ಟ್ರಿಪ್: ಬಳ್ಳಾರಿಯಿಂದ ಹೊರಡುವ ಮೊದಲು

"ಅಣ್ಣಾ, ಪಾಸ್‌ಪೋರ್ಟ್ ಬರೋಕೆ ಎಷ್ಟು ದಿನ ಬೇಕು?" ಸಭೆಯಲ್ಲಿ, ಅಂದರೆ ನಮ್ಮ ಚರ್ಚಿನಲ್ಲಿ, ಮಿಷನ್ ಟ್ರಿಪ್ ಅಂತ ಪ್ರಕಟಣೆ ಆದ ಕೂಡಲೇ ನಮ್ಮ ಯುವಕರು ಕೇಳುವ ಮೊದಲ ಪ್ರಶ್ನೆ ಇದು. ಎರಡನೆಯದು, "ಖರ್ಚು ಎಷ್ಟಾಗುತ್ತೆ?" ಮೂರನೆಯದು ಸ್ವಲ್ಪ ತಡವಾಗಿ, ಸಂಕೋಚದಿಂದ ಬರುತ್ತದೆ. "ಅಲ್ಲಿ ಹೋಗಿ ನಾವು ಏನು ಮಾಡ್ಬೇಕು?"

ಮೊದಲು ಕೇಳಬೇಕಾದದ್ದು ಆ ಮೂರನೆಯ ಪ್ರಶ್ನೆಯನ್ನೇ. ಅದಕ್ಕೆ ಉತ್ತರ ಸಿಕ್ಕರೆ ಉಳಿದ ಎರಡಕ್ಕೂ ದಾರಿ ಸಿಗುತ್ತದೆ. ನಾನು ಬಳ್ಳಾರಿಯ ಒಂದು ಸಣ್ಣ ಸಭೆಯವನು. ಒಮ್ಮೆ ನೇಪಾಳಕ್ಕೆ, ಎರಡು ಬಾರಿ ಕೀನ್ಯಾಕ್ಕೆ ಟೀಮಿನ ಜೊತೆ ಹೋಗಿ ಬಂದೆ. ಈಗ ಹೊರಡುವವರ ಜೊತೆ ಕೂತು ತಯಾರಿ ಮಾಡಿಸುತ್ತೇನೆ. ಆ ಕೂಟಗಳಲ್ಲಿ ಹೇಳುವ ಮಾತುಗಳನ್ನೇ ಇಲ್ಲಿ ಬರೆದಿದ್ದೇನೆ.

ಮಿಷನರಿ ಅಂದರೆ ಒಂದು ಕಡೆ ನೆಲೆ ನಿಂತು, ಅಲ್ಲಿನ ಮಾತು ಕಲಿತು, ವರ್ಷಗಟ್ಟಲೆ ದುಡಿಯುವವರು. ಮಿಷನ್ ಟ್ರಿಪ್ ಹಾಗಲ್ಲ. ಒಂದು ವಾರದಿಂದ ಕೆಲವು ತಿಂಗಳವರೆಗೆ ಬೇರೆ ದೇಶದ ಒಂದು ಸಭೆಯ ಅತಿಥಿಗಳಾಗಿ ಹೋಗಿ, ಅವರ ಕೆಲಸದಲ್ಲಿ ಕೈಜೋಡಿಸಿ ಬರುವುದು. ಮಕ್ಕಳಿಗೆ ರಜಾ ಬೈಬಲ್ ಶಾಲೆ, ವೈದ್ಯಕೀಯ ಶಿಬಿರ, ಪಾಸ್ಟರುಗಳಿಗೆ ತರಬೇತಿ, ಕಟ್ಟಡದ ಕೆಲಸ, ಮನೆಮನೆ ಪ್ರಾರ್ಥನೆ ಇಂಥವು ಇರುತ್ತವೆ. ಅತಿಥಿ ಅನ್ನುವ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಮುಂದೆ ಪದೇ ಪದೇ ಅಲ್ಲಿಗೇ ಬರುತ್ತೇನೆ.

ನಮ್ಮೂರಿಗೆ ಬಂದವರು

ಬಳ್ಳಾರಿಯವರಿಗೆ ಒಂದು ಅನುಕೂಲ ಇದೆ. ಬಂದವರನ್ನು ಬರಮಾಡಿಕೊಳ್ಳುವುದು ಹೇಗಿರುತ್ತದೆ ಅಂತ ನಮಗೆ ಇನ್ನೂರು ವರ್ಷದಿಂದ ಗೊತ್ತು.

1810ರಲ್ಲಿ ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದರು. ಕನ್ನಡ ಕಲಿತರು. ಬೈಬಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೂತರು. ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿ ಮುಗಿಯುವ ಹೊತ್ತಿಗೆ 1831 ಆಗಿತ್ತು. ಅವರ ಜೊತೆ ಅನುವಾದದಲ್ಲಿ ದುಡಿದ ವಿಲಿಯಂ ರೀವ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿ ಬಂತು. ಹ್ಯಾಂಡ್ಸ್ ಬಂದಲ್ಲಿಂದ ಬೈಬಲ್ ಮುಗಿಯುವವರೆಗೆ ಇಪ್ಪತ್ತೊಂದು ವರ್ಷ! ನಾವು ಹೋಗುವುದು ಹನ್ನೆರಡು ದಿನಕ್ಕೆ. ಅದರಲ್ಲಿ ಮೂರು ದಿನ ಪ್ರಯಾಣಕ್ಕೇ ಹೋಗುತ್ತದೆ. ಅವರು ಮಾಡಿದ್ದನ್ನು ನಾವು ಮಾಡಲಾಗದು. ಮಾಡುತ್ತೇವೆ ಅಂತ ಸಭೆಯ ಮುಂದೆ ನಿಂತು ಹೇಳಲೂಬಾರದು.

ಈಗಿನ ಕಾಲದ ಅತಿಥಿಗಳೂ ನಮಗೆ ಗೊತ್ತು. ಹೊರದೇಶದಿಂದ ಟೀಮ್ ಬರುತ್ತದೆ. ಹಾರ ಹಾಕುತ್ತೇವೆ, ಶಾಲು ಹೊದಿಸುತ್ತೇವೆ. ನಮ್ಮ ಅಕ್ಕಂದಿರು ಎರಡು ದಿನ ಅಡುಗೆ ಮನೆಯಲ್ಲೇ ಇರುತ್ತಾರೆ. ಬಂದವರು ಹಾಡುತ್ತಾರೆ, ಸಾಕ್ಷಿ (ದೇವರು ತಮ್ಮ ಬದುಕಿನಲ್ಲಿ ಮಾಡಿದ್ದನ್ನು) ಹೇಳುತ್ತಾರೆ, ಮಕ್ಕಳನ್ನು ಎತ್ತಿಕೊಂಡು ಫೋಟೊ ತೆಗೆಸಿಕೊಳ್ಳುತ್ತಾರೆ. ಒಳ್ಳೆಯ ಮನಸ್ಸಿನವರೇ. ಹೋದ ಮೇಲೆ ಮಕ್ಕಳು ವಾರಗಟ್ಟಲೆ ಕೇಳುತ್ತಾರೆ, "ಅವರು ಮತ್ತೆ ಯಾವಾಗ ಬರ್ತಾರೆ?" ನಮ್ಮ ಹತ್ತಿರ ಉತ್ತರ ಇರುವುದಿಲ್ಲ. ಟೀಮಿನ ಮೊದಲ ಕೂಟದಲ್ಲಿ ನಾನು ಎಲ್ಲರಿಗೂ ಈ ನೆನಪನ್ನು ಹೇಳಲು ಬಿಡುತ್ತೇನೆ. ಯಾವ ಅತಿಥಿ ಇಷ್ಟವಾದರು? ಯಾಕೆ? ಉತ್ತರ ಬಹುತೇಕ ಒಂದೇ ಥರ ಇರುತ್ತದೆ. ನಮ್ಮ ಜೊತೆ ನೆಲದ ಮೇಲೆ ಕೂತು ರೊಟ್ಟಿ ತಿಂದವರು, ನಮ್ಮ ಹೆಸರು ನೆನಪಿಟ್ಟುಕೊಂಡವರು, ಹೋದ ಮೇಲೂ ಮಾತಾಡಿಸಿದವರು.

ಹಣದ ಲೆಕ್ಕ

ಇಲ್ಲಿ ಸ್ವಲ್ಪ ನಿಲ್ಲಬೇಕು. ನನಗೆ ಅತಿ ಭಾರ ಅನಿಸುವ ವಿಷಯ ಇದು.

1998ರ ಕೊನೆಯಲ್ಲಿ ಮಿಚ್ ಎಂಬ ಚಂಡಮಾರುತ ಮಧ್ಯ ಅಮೆರಿಕದ ಹೊಂಡುರಾಸ್ ದೇಶವನ್ನು ಹಾಳುಮಾಡಿತು. ಮನೆ ಕಳೆದುಕೊಂಡವರಿಗೆ ಮನೆ ಕಟ್ಟಿಕೊಡಲು ಉತ್ತರ ಅಮೆರಿಕದ ಸಭೆಗಳಿಂದ ಅನೇಕ ಟೀಮುಗಳು ಹೋದವು. ಕೆಲವು ವರ್ಷ ಆದ ಮೇಲೆ, ಹೊಂಡುರಾಸಿನಲ್ಲೇ ಬಹುಕಾಲ ಬದುಕಿದ ಕುರ್ಟ್ ವೆರ್ ಬೀಕ್ ಎಂಬ ಸಮಾಜಶಾಸ್ತ್ರಜ್ಞರು ಆ ಮನೆಗಳವರನ್ನು ಮಾತಾಡಿಸಿದರು. ಅವರು ಹಾಕಿದ ಲೆಕ್ಕ ಹೀಗಿತ್ತು. ಹೊರಗಿನ ಟೀಮ್ ಬಂದು ಒಂದು ಮನೆ ಕಟ್ಟಿದರೆ ಪ್ರಯಾಣ ಎಲ್ಲ ಸೇರಿ ಸುಮಾರು 30,000 ಡಾಲರ್. ಸ್ಥಳೀಯ ಸಂಸ್ಥೆ ಕಟ್ಟಿದರೆ ಮನೆಗೆ ಸುಮಾರು 2,000 ಡಾಲರ್. ಒಂದು ಟೀಮಿನ ಖರ್ಚಿನಲ್ಲಿ ಹದಿನೈದು ಮನೆ ಏಳಬಹುದಿತ್ತು. ಮನೆ ಯಾರು ಕಟ್ಟಿಕೊಟ್ಟರು ಎಂಬುದರಿಂದ ಆ ಕುಟುಂಬಗಳ ಬದುಕಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೂ ಅವರಿಗೆ ಕಾಣಲಿಲ್ಲ.

ದೂರದ ಕಥೆ ಅನಿಸಿತಾ? 2009ರ ನೆರೆಯನ್ನು ನೆನಪಿಸಿಕೊಳ್ಳಿ. ರಾಯಚೂರು, ಕೊಪ್ಪಳ, ಬಳ್ಳಾರಿ, ಬಾಗಲಕೋಟೆ ಕಡೆ ಊರಿಗೆ ಊರೇ ನೀರಲ್ಲಿ ನಿಂತಿತ್ತು. ಆಮೇಲೆ ಉತ್ತರ ಕರ್ನಾಟಕದಲ್ಲಿ ಹೊಸ ಮನೆಗಳು ಎದ್ದವು. ಹಲವು ಕಡೆ ಆ ಮನೆಗಳು ಖಾಲಿಯೇ ಉಳಿದವು. ದನ ಕಟ್ಟಲು ಜಾಗ ಇಲ್ಲ, ಕಾಳು-ಕಡಿ ಇಡಲು ಜಾಗ ಇಲ್ಲ, ಹೊಲ ದೂರ. ಇರುವವರನ್ನು ಸರಿಯಾಗಿ ಕೇಳದೆ ಕಟ್ಟಿದರೆ ಒಳ್ಳೆಯ ಮನಸ್ಸೂ ಬೀಗ ಹಾಕಿದ ಮನೆಯಾಗುತ್ತದೆ.

ನಮ್ಮ ಮೊದಲ ಕೀನ್ಯಾ ಟ್ರಿಪ್‌ನಲ್ಲಿ ಒಂಬತ್ತು ಜನ ಇದ್ದೆವು. ತಲೆಗೆ ಖರ್ಚು ಒಂದು ಲಕ್ಷ ದಾಟಿತು. ಆ ಹಣ ಎಲ್ಲಿಂದ ಬಂತು? ಜೀನ್ಸ್ ಹೊಲಿಯುವ ಘಟಕದಲ್ಲಿ ದಿನವಿಡೀ ಮಷೀನ್ ತುಳಿಯುವ ಅಕ್ಕ ಕೊಟ್ಟ ಐನೂರು ರೂಪಾಯಿ ಅದರಲ್ಲಿತ್ತು. ಒಬ್ಬ ಅಜ್ಜ ತನ್ನ ಪಿಂಚಣಿಯಿಂದ ಕೊಟ್ಟಿದ್ದರು. ಅಲ್ಲಿ ಹೋಗಿ ನಾವು ಮಾಡಿದ ಮುಖ್ಯ ಕೆಲಸ ಏನು ಗೊತ್ತಾ? ಒಂದು ಶಾಲೆಯ ಗೋಡೆಗೆ ಬಣ್ಣ ಹಚ್ಚಿದೆವು. ಆ ಊರಿನಲ್ಲೇ ಪೇಂಟರುಗಳಿದ್ದರು. ಕೆಲಸ ಇಲ್ಲದೆ ರಸ್ತೆ ಬದಿಯಲ್ಲಿ ನಿಂತು ನಮ್ಮನ್ನು ನೋಡುತ್ತಿದ್ದರು. ಆ ನೋಟ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಹಾಗಾದರೆ ಹೋಗಲೇಬಾರದಾ? ಹೋಗಬಹುದು. ಆದರೆ ಹಣ ಕೂಡಿಸುವ ಮೊದಲು ಕರೆದವರಿಗೆ ಒಂದು ಪ್ರಶ್ನೆ ಕೇಳಬೇಕು. "ನಾವು ಬರದೆ ಈ ಹಣವನ್ನೇ ಕಳಿಸಿದ್ದರೆ ಯಾವುದಕ್ಕೆ ಬಳಸುತ್ತಿದ್ದಿರಿ?" ಅವರು ನಿಜ ಹೇಳುವಷ್ಟು ಸಲುಗೆ ಮೊದಲು ಬೆಳೆಯಬೇಕು. ಒಂದು ಫೋನಿನಲ್ಲಿ ಅದು ಬರುವುದಿಲ್ಲ. ದುಡ್ಡು ತರುವವರ ಮುಂದೆ ಯಾರೂ ಬೇಡ ಅನ್ನುವುದಿಲ್ಲ, ಅಲ್ವಾ? ನಾವೂ ನಮ್ಮ ಅತಿಥಿಗಳಿಗೆ ಯಾವತ್ತೂ ಬೇಡ ಅಂದವರಲ್ಲ.

ಲೆಕ್ಕದ ಎರಡು ಮಾತು. ಇಲ್ಲಿಂದ ಹೊರಡುವಾಗ ಒಬ್ಬರು ಒಂದು ಪ್ರಯಾಣಕ್ಕೆ ಸಾಮಾನ್ಯವಾಗಿ 3,000 ಡಾಲರ್‌ವರೆಗೆ ಮಾತ್ರ ವಿದೇಶಿ ನೋಟು ಒಯ್ಯಬಹುದು. ಉಳಿದದ್ದು ಕಾರ್ಡಿನಲ್ಲಿ ಇರಲಿ. ಇನ್ನೊಂದು, ಸಭೆಯ ಟ್ರಸ್ಟ್ ಹಣವನ್ನು ಹೊರದೇಶದಲ್ಲಿ ಖರ್ಚು ಮಾಡುವುದಕ್ಕೆ ತೆರಿಗೆಯ ನಿಯಮಗಳಿವೆ. ಹೊರದೇಶದಿಂದ ಟ್ರಸ್ಟಿಗೆ ಹಣ ಬರುವುದಾದರೆ ವಿದೇಶಿ ದೇಣಿಗೆ ಕಾಯ್ದೆಯಡಿ ಅನುಮತಿ ಬೇಕೇ ಬೇಕು. ಲೆಕ್ಕ ನೋಡುವವರನ್ನು ಮೊದಲೇ ಕೇಳಿ. "ದೇವರ ಕೆಲಸ ಅಲ್ವಾ" ಅಂತ ಸುಮ್ನೆ ಮುಂದೆ ಹೋಗಬೇಡಿ. ದೇವರ ಕೆಲಸ ಅಂತಲೇ ಲೆಕ್ಕ ಶುದ್ಧ ಇರಬೇಕು.

ಯಾವ ದೇಶ, ಯಾವ ಕಾನೂನು

ಭಾರತಕ್ಕೆ ಬರುವ ವಿದೇಶಿಯರಿಗೆ ಮಿಷನರಿ ವೀಸಾ ಅಂತ ಒಂದು ಬೇರೆ ವರ್ಗವೇ ಇದೆ. ಟೂರಿಸ್ಟ್ ವೀಸಾದಲ್ಲಿ ಬಂದು ಪ್ರಚಾರ ಮಾಡುವಂತಿಲ್ಲ. ನಾವು ಹೋಗುವ ದೇಶಕ್ಕೂ ಇಂಥದ್ದೇ ಕಾನೂನು ಇರಬಹುದು. ಅರ್ಜಿಯಲ್ಲಿ ಪ್ರವಾಸ ಅಂತ ಬರೆದು ಅಲ್ಲಿ ಬೇರೆ ಕೆಲಸ ಮಾಡುವುದು ಸುಳ್ಳು. ಆ ಸುಳ್ಳಿನ ಬೆಲೆ ತೆರುವವರು ಬಹುತೇಕ ನಮ್ಮನ್ನು ಕರೆದವರು. ನಾವು ವಿಮಾನ ಹತ್ತಿ ಬಂದುಬಿಡುತ್ತೇವೆ, ಅವರು ಅಲ್ಲೇ ಇರಬೇಕು.

ನೇಪಾಳದ ವಿಷಯದಲ್ಲಿ ಇದು ತುಂಬಾ ಮುಖ್ಯ. ಅಲ್ಲಿಗೆ ಹೋಗಲು ನಮಗೆ ವೀಸಾ ಬೇಡ. ಪಾಸ್‌ಪೋರ್ಟ್ ಇಲ್ಲವೇ ಮತದಾರರ ಗುರುತಿನ ಚೀಟಿ ಸಾಕು. ಅದಕ್ಕೇ ಬಹಳ ಸಭೆಗಳು ಮೊದಲ ಟ್ರಿಪ್ ಅಲ್ಲಿಗೇ ಇಟ್ಟುಕೊಳ್ಳುತ್ತವೆ. ಆದರೆ ನೇಪಾಳದ 2015ರ ಸಂವಿಧಾನ ಇನ್ನೊಬ್ಬರನ್ನು ಮತಾಂತರ ಮಾಡುವುದನ್ನು ತಡೆಯುತ್ತದೆ. 2018ರ ಆಗಸ್ಟ್‌ನಿಂದ ಜಾರಿಗೆ ಬಂದ ಅಪರಾಧ ಸಂಹಿತೆಯಲ್ಲಿ ಇದಕ್ಕೆ 5 ವರ್ಷದವರೆಗೆ ಜೈಲು, 50,000 ನೇಪಾಳಿ ರೂಪಾಯಿವರೆಗೆ ದಂಡ ಇದೆ. ತಪ್ಪು ಮಾಡಿದವರು ವಿದೇಶಿಯಾದರೆ ಶಿಕ್ಷೆ ಮುಗಿದ ಏಳು ದಿನದೊಳಗೆ ದೇಶದಿಂದ ಹೊರಗೆ ಕಳಿಸುತ್ತಾರೆ. ಆದ್ದರಿಂದ ಅಲ್ಲಿ ಬೀದಿಯಲ್ಲಿ ಕರಪತ್ರ ಹಂಚುವುದು, ಶಾಲೆಗೆ ಹೋಗಿ ಮಕ್ಕಳಿಗೆ ಯೇಸುವಿನ ಸುವಾರ್ತೆ ಹೇಳುವುದು ನಮ್ಮ ಧೈರ್ಯ ತೋರಿಸುವ ಕೆಲಸ ಆಗಬಾರದು. ನಾವು ಹೋದಾಗ ಅಲ್ಲಿನ ವಿಶ್ವಾಸಿಗಳ ಜೊತೆ ಕೂತು ಪ್ರಾರ್ಥಿಸಿದೆವು, ಪಾಸ್ಟರುಗಳ ಜೊತೆ ಬೈಬಲ್ ವಚನ ಓದಿದೆವು, ಅಡುಗೆ ಮನೆಯಲ್ಲಿ ಪಾತ್ರೆ ತೊಳೆದೆವು. ಅಲ್ಲಿ ಸಭೆ ಕೂಡುವುದು ಶನಿವಾರ. ವಾರದ ರಜೆ ಅವತ್ತೇ. ಭೇಟಿಯಾದವರೆಲ್ಲ ಕೈಮುಗಿದು "ಜಯಮಸೀ" ಅನ್ನುತ್ತಿದ್ದರು. ಎರಡನೇ ದಿನಕ್ಕೆ ನಮ್ಮ ಬಾಯಲ್ಲೂ ಅದೇ.

ಇನ್ನೊಂದು ಮಾತನ್ನು ಯಾವ ದೇಶಕ್ಕೆ ಹೋದರೂ ಮರೆಯಬೇಡಿ. ಅಕ್ಕಿ, ಔಷಧಿ, ಬಟ್ಟೆ ಕೊಟ್ಟು ಅದಕ್ಕೆ ಬದಲಾಗಿ ನಂಬಿಕೆ ಕೇಳಬಾರದು. ಕೊಡುವುದನ್ನು ಷರತ್ತಿಲ್ಲದೆ ಕೊಡಿ.

ಕೀನ್ಯಾದ ಪರಿಸ್ಥಿತಿ ಬೇರೆ. ಅಲ್ಲಿ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮಂದಿ ಕ್ರೈಸ್ತರೇ. 'ಸುವಾರ್ತೆ ಕೇಳದವರಿಗೆ ಹೇಳಲು ಹೋಗುತ್ತೇವೆ' ಅಂತ ಇಲ್ಲಿ ಹೇಳಿ ಹೋದವರು ನಾವು. ಅಲ್ಲಿ ನೋಡಿದರೆ ಹಳ್ಳಿಯ ಅಜ್ಜಿಗೆ ನಮಗಿಂತ ಜಾಸ್ತಿ ಹಾಡು ಬಾಯಿಪಾಠ. ಯಾರಿಗೆ ಏನು ಗೊತ್ತಿದೆ ಅಂತ ತಿಳಿಯದೆ ಭಾಷಣ ಬರೆದುಕೊಂಡು ಹೋಗಬಾರದು.

ಹಳದಿ ಜ್ವರದ ಕಾರ್ಡು

ಪಾಸ್‌ಪೋರ್ಟ್ ಅವಧಿ ಪ್ರಯಾಣದ ದಿನದಿಂದ ಕನಿಷ್ಠ ಆರು ತಿಂಗಳು ಬಾಕಿ ಇರಲಿ. ಕೀನ್ಯಾಕ್ಕೆ 2024ರ ಜನವರಿಯಿಂದ ವೀಸಾದ ಬದಲು ಇಟಿಎ ಎಂಬ ಆನ್‌ಲೈನ್ ಅನುಮತಿ ಬಂದಿದೆ. ಕರೆದವರ ವಿಳಾಸ, ಹೋಗಿ ಬರುವ ಟಿಕೆಟ್ ಕೈಯಲ್ಲಿರಬೇಕು.

ಹೆಚ್ಚಿನವರು ಎಡವುವುದು ಲಸಿಕೆಯಲ್ಲಿ. ಕೀನ್ಯಾ, ಉಗಾಂಡದಂಥ ದೇಶಗಳಿಗೆ ಹೋಗಿ ಬರುವವರಿಗೆ ಹಳದಿ ಜ್ವರದ (ಯೆಲ್ಲೋ ಫೀವರ್) ಲಸಿಕೆ ಬೇಕು. ಇದು ಮೆಡಿಕಲ್ ಶಾಪಿನಲ್ಲಿ ಸಿಗುವುದಲ್ಲ. ಸರ್ಕಾರ ಮಾನ್ಯ ಮಾಡಿದ ಕೇಂದ್ರದಲ್ಲೇ ಹಾಕಿಸಿಕೊಂಡು, ಅಲ್ಲೇ ಕೊಡುವ ಹಳದಿ ಕಾರ್ಡು ತರಬೇಕು. ನಾವು ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಿ ಹಾಕಿಸಿಕೊಂಡು ಬಂದೆವು. ಕಾರ್ಡು ಲಸಿಕೆ ಹಾಕಿಸಿದ ಹತ್ತು ದಿನದ ನಂತರವೇ ಊರ್ಜಿತ. ಆಮೇಲೆ ಜೀವನಪೂರ್ತಿ ನಡೆಯುತ್ತದೆ. ನಮ್ಮಲ್ಲೊಬ್ಬ ತಮ್ಮ ಹೊರಡುವ ಆರು ದಿನ ಮೊದಲು ಹಾಕಿಸಿಕೊಂಡ. ಟಿಕೆಟ್ ಬದಲಾಯಿಸಿ ಹಿಂದಿನಿಂದ ಒಬ್ಬನೇ ಬರಬೇಕಾಯಿತು. ಕಾರ್ಡು ಇಲ್ಲದೆ ಅಲ್ಲಿಂದ ಭಾರತಕ್ಕೆ ಮರಳಿದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಗರ್ಭಿಣಿಯರು, ಅರವತ್ತು ದಾಟಿದವರು, ಮೊಟ್ಟೆ ಅಲರ್ಜಿ ಇರುವವರು ಮೊದಲು ಡಾಕ್ಟರನ್ನು ಕೇಳಲಿ.

ಮಲೇರಿಯಾ ತಡೆಯುವ ಮಾತ್ರೆಯನ್ನೂ ಡಾಕ್ಟರ್ ಬರೆದುಕೊಡುತ್ತಾರೆ. ಡಾಕ್ಸಿಸೈಕ್ಲಿನ್ ಆದರೆ ಊರಿಗೆ ಮರಳಿದ ಮೇಲೂ ನಾಲ್ಕು ವಾರ ನುಂಗಬೇಕು. ಮನೆ ಸೇರಿದ ಖುಷಿಯಲ್ಲಿ ಇದನ್ನು ಮರೆಯುವವರೇ ಜಾಸ್ತಿ.

ಅಲ್ಲಿ ನಾವು ಯಾರು

ಬಳ್ಳಾರಿಯಲ್ಲಿ ನಾವು ಕೂಲಿ ಮಾಡುವವರು, ಅಂಗಡಿಯಲ್ಲಿ ದುಡಿಯುವವರು, ಶಾಲೆಯಲ್ಲಿ ಪಾಠ ಹೇಳುವವರು. ಕೀನ್ಯಾದಲ್ಲಿ ಇಳಿದ ಕೂಡಲೇ ನಾವು "ಮುಹಿಂದಿ". ಅಂದರೆ ಭಾರತದವರು. ಆ ಮಾತಿನ ಹಿಂದೆ ನೂರಿಪ್ಪತ್ತು ವರ್ಷಕ್ಕೂ ಜಾಸ್ತಿ ಇತಿಹಾಸ ಇದೆ. 1896ರಿಂದ 1901ರವರೆಗೆ ಬ್ರಿಟಿಷರು ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದವರೆಗೆ ರೈಲು ಹಳಿ ಹಾಕಿದಾಗ ಭಾರತದಿಂದ ಸುಮಾರು 32,000 ಕೂಲಿಗಳನ್ನು ಕರೆದೊಯ್ದರು. ಎರಡು ಸಾವಿರಕ್ಕೂ ಹೆಚ್ಚು ಜನ ಆ ಕೆಲಸದಲ್ಲಿ ಸತ್ತರು. ಭಾರತದಿಂದ ಹೋಗಿ ವ್ಯಾಪಾರಕ್ಕೆ ನಿಂತವರೂ ಇದ್ದರು. ಹಾಗಾಗಿ ಅಲ್ಲಿನ ಬಡವರ ಕಣ್ಣಿಗೆ ಭಾರತೀಯ ಅಂದರೆ ಅಂಗಡಿಯ ಧಣಿ. ನಾವು ಎಷ್ಟೇ ಸಾದಾ ಬಟ್ಟೆ ಹಾಕಿದರೂ ಧಣಿಗಳಾಗಿಯೇ ಕಾಣುತ್ತೇವೆ. ಇದು ಗೊತ್ತಿಲ್ಲದೆ ಹೋದರೆ, ಯಾಕೆ ಎಲ್ಲರೂ ಹಣ ಕೇಳುತ್ತಾರೆ ಅಂತ ಬೇಜಾರಾಗುತ್ತದೆ. ಗೊತ್ತಿದ್ದರೆ ತಾಳ್ಮೆ ಬರುತ್ತದೆ.

ಅದೇ ಇತಿಹಾಸ ಮಾತನ್ನೂ ಹತ್ತಿರ ತಂದಿದೆ. ಸ್ವಾಹಿಲಿಯಲ್ಲಿ ಅಂಗಡಿಗೆ 'ದುಕಾ', ವಾಹನಕ್ಕೆ 'ಗಾರಿ', ಚಹಾಕ್ಕೆ 'ಚಾಯ್', ಚಪಾತಿಗೆ ಚಪಾತಿಯೇ. ನಮ್ಮ ಕೌಲ್ ಬಜಾರಿನ ಹುಡುಗನಿಗೆ ದುಕಾನು, ಗಾಡಿ ಹೊಸದಲ್ಲವಲ್ಲ. ಉಗಾಲಿ ಅಂತ ಮೆಕ್ಕೆಜೋಳದ ಹಿಟ್ಟಿನ ಮುದ್ದೆ ಮಾಡುತ್ತಾರೆ, ಸೊಪ್ಪಿನ ಪಲ್ಯದ ಜೊತೆ ಕೈಯಲ್ಲೇ ಮುರಿದು ತಿನ್ನುತ್ತಾರೆ. ಮುದ್ದೆ ಉಂಡವರಿಗೆ ಎರಡನೇ ತುತ್ತಿಗೇ ಹೊಂದಿಕೆ ಆಗುತ್ತದೆ. ಆದರೂ ನಮ್ಮವರು ಬ್ಯಾಗಿನ ಅರ್ಧ ಶೇಂಗಾ ಚಟ್ನಿ, ಖಡಕ್ ರೊಟ್ಟಿ ತುಂಬಿಕೊಂಡು ಬರುತ್ತಾರೆ. ಸ್ವಲ್ಪ ಇರಲಿ, ಆತಿಥೇಯರಿಗೂ ಕೊಡಿ. ಆದರೆ ಅವರು ಬಡಿಸಿದ್ದನ್ನು ಬಿಟ್ಟು ನಮ್ಮ ಡಬ್ಬಿ ಬಿಚ್ಚಬಾರದು. ಲೂಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಯೇಸು ಶಿಷ್ಯರನ್ನು ಇಬ್ಬಿಬ್ಬರಾಗಿ ಕಳಿಸುವಾಗ ಹೇಳಿದ್ದೂ ಇದನ್ನೇ. ಹಣದ ಚೀಲ ಬೇಡ, ಮುಂದೆ ಇಟ್ಟದ್ದನ್ನು ಊಟ ಮಾಡಿ, ಮನೆಯಿಂದ ಮನೆಗೆ ಬದಲಾಯಿಸಬೇಡಿ. ಮಿಷನ್ ಟ್ರಿಪ್‌ಗೆ ಇದಕ್ಕಿಂತ ಒಳ್ಳೆಯ ನಿಯಮ ನಾನು ಬೇರೆಲ್ಲೂ ಓದಿಲ್ಲ.

ಪ್ರಸಂಗ, ಅಂದರೆ ಸಭೆಯಲ್ಲಿ ಬೋಧನೆ, ಮಾಡುವವರಿಗೆ ಒಂದು ಸೂಚನೆ. ನಮ್ಮಲ್ಲಿ ಕೆಲವರಿಗೆ ಕನ್ನಡ, ತೆಲುಗು ಮಾತ್ರ ಬರುತ್ತದೆ. ಅವರ ಮಾತು ಮೊದಲು ಇಂಗ್ಲಿಷಿಗೆ, ಅಲ್ಲಿಂದ ಸ್ವಾಹಿಲಿಗೆ ಹೋಗಬೇಕು. ಹತ್ತು ನಿಮಿಷದ ಸಾಕ್ಷಿ ಅರ್ಧ ಗಂಟೆ ಆಗುತ್ತದೆ. ಸಣ್ಣ ವಾಕ್ಯ ಬಳಸಿ. ಗಾದೆ ಬೇಡ. ಶುರುವಿಗೆ "ಬ್ವಾನಾ ಅಸಿಫಿವೆ" ಅನ್ನಿ, ಕರ್ತನಿಗೆ ಸ್ತೋತ್ರ ಅಂತ ಅರ್ಥ. ಇಡೀ ಸಭೆ "ಆಮೆನ್" ಅಂತ ಎದ್ದು ನಿಂತಂತೆ ಕೂಗುತ್ತದೆ. ಆ ಕ್ಷಣಕ್ಕೆ ದುಭಾಷಿ ಬೇಡ.

ಮಕ್ಕಳ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಅನಾಥಾಶ್ರಮಕ್ಕೆ ಹೋಗಿ ಮೂರು ದಿನ ಆಟ ಆಡಿಸಿ ಬರುವ ಕಾರ್ಯಕ್ರಮಕ್ಕೆ ನಾವು ಈಗ ಒಪ್ಪುವುದಿಲ್ಲ. ಅಲ್ಲಿರುವ ಎಷ್ಟೋ ಮಕ್ಕಳಿಗೆ ತಂದೆಯೋ ತಾಯಿಯೋ ಬದುಕಿದ್ದಾರೆ. ನೋಡಲು ಬರುವವರು ಜಾಸ್ತಿಯಾದರೆ, ಅವರು ಕೊಡುವ ಹಣಕ್ಕಾಗಿಯೇ ಮಕ್ಕಳನ್ನು ಮನೆಯಿಂದ ತಂದು ಕೂಡಿಸುವವರು ಹುಟ್ಟುತ್ತಾರೆ. ನೇಪಾಳದಲ್ಲಿ ಇದು ನಡೆದದ್ದು ದಾಖಲಾಗಿದೆ. ಅದೂ ಅಲ್ಲದೆ ಪ್ರತಿ ತಿಂಗಳು ಹೊಸ ಅಣ್ಣ-ಅಕ್ಕ ಬಂದು ಮುದ್ದು ಮಾಡಿ ಹೋದರೆ ಆ ಮಗುವಿನ ಮನಸ್ಸು ಎಷ್ಟು ಸಲ ಒಡೆಯಬೇಕು? ಎಲ್ಲಿ ಹೋದರೂ ಒಬ್ಬರೇ ಮಗುವಿನ ಜೊತೆ ಇರಬೇಡಿ. ತಂದೆ-ತಾಯಿಯನ್ನು ಕೇಳದೆ ಫೋಟೊ ತೆಗೆಯಬೇಡಿ. ಚಿಂದಿ ಬಟ್ಟೆಯ ಮಗುವಿನ ಫೋಟೊವನ್ನು ಸ್ಟೇಟಸ್‌ಗೆ ಹಾಕಲೇಬೇಡಿ. ನಮ್ಮ ಮಗುವಿನ ಫೋಟೊ ಹಾಗೆ ಯಾರೋ ಹಾಕಿದರೆ ಸಹಿಸುತ್ತೇವಾ?

ಎರಡನೇ ಸಲ

ಬಣ್ಣ ಹಚ್ಚಿ ಬಂದ ಮೇಲೆ ನಾವು ಎರಡು ವರ್ಷ ಎಲ್ಲಿಗೂ ಹೋಗಲಿಲ್ಲ. ಕೀನ್ಯಾದ ಆ ಪಾಸ್ಟರ್ ಜೊತೆ ತಿಂಗಳಿಗೊಮ್ಮೆ ಫೋನಿನಲ್ಲಿ ಪ್ರಾರ್ಥನೆ ಮಾಡುತ್ತಿದ್ದೆವು. ಅವರ ಕಡೆ ಮಳೆ ಬಂತಾ, ನಮ್ಮ ಕಡೆ ತುಂಗಭದ್ರೆಗೆ ನೀರು ಬಂತಾ ಅಂತ ಮಾತಾಡುತ್ತಿದ್ದೆವು. ಒಂದು ದಿನ ಆ ಪ್ರಶ್ನೆಯನ್ನು ಕೇಳಿದೆ. ನಾವು ಬರದೆ ಹಣ ಮಾತ್ರ ಕಳಿಸಿದ್ದರೆ ಏನು ಮಾಡುತ್ತಿದ್ದಿರಿ? ಸ್ವಲ್ಪ ಹೊತ್ತು ಅವರು ಮಾತಾಡಲಿಲ್ಲ. ಆಮೇಲೆ ಹೇಳಿದರು. ಊರಿನ ಬೋರ್‌ವೆಲ್ ಮೋಟಾರ್ ಪದೇ ಪದೇ ಸುಟ್ಟುಹೋಗುತ್ತದೆ, ರಿಪೇರಿಗೆ ದೂರದ ಪಟ್ಟಣಕ್ಕೆ ಒಯ್ಯಬೇಕು, ಅಷ್ಟು ದಿನ ಹೆಂಗಸರು ಹೊಳೆಗೆ ನಡೆಯಬೇಕು. "ಹಣಕ್ಕಿಂತ, ಅದನ್ನು ಕಲಿಸುವವರು ಯಾರಾದರೂ ನಿಮ್ಮಲ್ಲಿ ಇದ್ದಾರಾ?"

ಇದ್ದರು. ನಮ್ಮ ಸಭೆಯಲ್ಲಿ ಸಿರುಗುಪ್ಪ ಕಡೆಯ ಒಬ್ಬ ಅಣ್ಣ ಇಪ್ಪತ್ತೆರಡು ವರ್ಷದಿಂದ ಮೋಟಾರ್ ರಿವೈಂಡಿಂಗ್, ಅಂದರೆ ಸುಟ್ಟ ಮೋಟಾರಿಗೆ ಹೊಸದಾಗಿ ತಂತಿ ಸುತ್ತುವ ಕೆಲಸ, ಮಾಡುತ್ತಾರೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು. ಮಿಷನ್ ಟ್ರಿಪ್‌ಗೆ ಯಾವತ್ತೂ ಹೆಸರು ಕೊಟ್ಟವರಲ್ಲ, ಪ್ರಸಂಗ ಮಾಡಲು ಬರುವುದಿಲ್ಲ ಅಂತ. ಆ ವರ್ಷ ಒಂಬತ್ತು ಜನರ ಬದಲು ಇಬ್ಬರೇ ಹೋದೆವು, ಅವರು ಮತ್ತು ನಾನು. ಹದಿನಾರು ದಿನ. ಉಳಿದ ಹಣದಲ್ಲಿ ಅಲ್ಲೇ ತಾಮ್ರದ ತಂತಿ, ವೈಂಡಿಂಗ್ ಮಷೀನು, ಮೀಟರು ಕೊಂಡೆವು. ಅಣ್ಣ ಕನ್ನಡದಲ್ಲೇ ಮಾತಾಡಿದರು, ಇಬ್ಬರು ಹುಡುಗರು ಸ್ವಾಹಿಲಿಯಲ್ಲಿ ಕೇಳಿದರು, ಕೈ ನೋಡಿ ಕೈ ಕಲಿಯಿತು. ಭಾನುವಾರ ಸಭೆಯಲ್ಲಿ ಅವರನ್ನು ಮಾತಾಡಲು ಕರೆದಾಗ ಎದ್ದು "ಬ್ವಾನಾ ಅಸಿಫಿವೆ" ಅಂತಷ್ಟೇ ಹೇಳಿ ಕೂತರು.

ಈಗ ಸಂಜೆ ಅವರ ಅಂಗಡಿಗೆ ಹೋದರೆ ಕೆಲವು ಸಲ ಫೋನು ಎತ್ತಿ ತೋರಿಸುತ್ತಾರೆ. ಕೀನ್ಯಾದಿಂದ ಸುಟ್ಟ ಕಾಯಿಲ್‌ನ ಫೋಟೊ ಬಂದಿರುತ್ತದೆ. ಅವರು ಬಿಳಿ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಸುತ್ತುಗಳನ್ನು ಬರೆದು, ಫೋಟೊ ತೆಗೆದು ವಾಪಸ್ ಕಳಿಸುತ್ತಾರೆ.